ಗಿಲಕಿಯ ಮುಂದಿನ ಎರಡು ಹಲ್ಲು

ಅವಳಿಗೆ ‘ಹೊರಟೆ’ ಎಂದು ಹೆಸರಿಟ್ಟವಳು ದೊರೆಸಾನಿ. ಕಾಲೇಜಿನ ಕ್ಯಾಂಟೀನಿನಲ್ಲಿ ಮಾತು ರಂಗೇರುವ ಹೊತ್ತಿಗೆ ಸರಿಯಾಗಿ ಚೀಲವನ್ನು ಹೆಗಲಿಗೇರಿಸಿ “ನಾನು ಹೊರಟೆ” ಎನ್ನುತ್ತಿದ್ದಳಲ್ಲ, ಅದಕ್ಕೆ. ಬರಬರುತ್ತಾ ಬೆಳಿಗ್ಗೆ ತರಗತಿಯ ಬಾಗಿಲಲ್ಲಿ ಅವಳು ಕಾಣಿಸಿಕೊಂಡರೂ “ಹೊರಟೆ ಬಂದಳು” ಎಂದು ನಗುವುದು ರೂಢಿಯಾಯಿತು. ಅವಳೂ ಜೊತೆಗೆ ನಗುತ್ತಿದ್ದಳು. ನಗದಿದ್ದರೆ ಮೂತಿ ಉಬ್ಬಿಸಿಕೊಂಡಳು ಎನ್ನುತ್ತಾರೆ, ಅದಕ್ಕೆ ಇನ್ನೊಂದು ಹೆಸರು ಹುಟ್ಟುತ್ತದೆ.

ಅದು ನಾಲ್ವರ ಗುಂಪು. ದೊರೆಸಾನಿಯ ಅಪ್ಪನಿಗೆ ಪೆಟ್ರೋಲ್ ಬಂಕ್ ಇತ್ತು, ಅವಳಿಗೆ ಒಂದು ಜೊತೆ ಹುಬ್ಬುಗಳಿದ್ದವು. ಯಾರು ಎಲ್ಲಿ ಕೂರಬೇಕು, ಯಾರ ಮಾತಿಗೆ ನಗಬೇಕು ಎಂಬುದನ್ನು ಆ ಹುಬ್ಬುಗಳೇ ತೀರ್ಮಾನಿಸುತ್ತಿದ್ದವು. ಎರಡನೆಯವಳು ರೇಡಿಯೊ. ಒಂದು ಕಿವಿಯಲ್ಲಿ ಕೇಳಿದ್ದು ಇನ್ನೊಂದು ಕಿವಿ ತಲುಪುವ ಮೊದಲೇ ಬಾಯಿಂದ ಹೊರಬಿದ್ದಿರುತ್ತಿತ್ತು. ಮೂರನೆಯವಳು ಗಿಲಕಿ. ಸಣ್ಣ ಮಾತಿಗೂ ಅವಳು ಗಲಗಲ ನಗುತ್ತಿದ್ದಳು, ಆ ನಗು ಕೇಳಿ ಪಕ್ಕದ ಮೇಜಿನವರೂ ಕಾರಣ ಗೊತ್ತಿಲ್ಲದೆ ನಗುತ್ತಿದ್ದರು. ಯಾವ ಜೋಕು ಹೇಳಿದರೂ ದೊರೆಸಾನಿ ಮೊದಲು ನೋಡುತ್ತಿದ್ದುದು ಗಿಲಕಿಯ ಮುಖವನ್ನೇ.

ಮೊದಲ ವರ್ಷ ನಾಲ್ವರಿಗೂ ಮಧ್ಯಾಹ್ನಗಳು ಬಿಡುವಾಗಿದ್ದವು. ಕ್ಯಾಂಟೀನಿನ ಮೂಲೆಯ ಮೇಜು, ಲೈಬ್ರರಿಯ ಮೆಟ್ಟಿಲು, ಏನನ್ನೂ ಕೊಳ್ಳದೆ ಅಂಗಡಿಯಿಂದ ಅಂಗಡಿಗೆ ಅಲೆದು ಮಣಿಕಟ್ಟಿಗೆ ಸೆಂಟು ಹಾಕಿಸಿಕೊಳ್ಳುವುದು. ಇದರ ನಡುವೆ ಅವರಿಗೆ ಇಷ್ಟವಾದ ಆಟವೊಂದಿತ್ತು. ಯಾರಾದರೂ ಎದ್ದು ಬಚ್ಚಲಿಗೆ ಹೋದರೆ ಸಾಕು, ಉಳಿದವರು ಅವಳನ್ನು ಆಡಿಕೊಳ್ಳುತ್ತಿದ್ದರು. ಈ ಆಟದಲ್ಲಿ ಹೊರಟೆಯನ್ನು ಮೀರಿಸುವವರೇ ಇರಲಿಲ್ಲ. ಬಾಯಲ್ಲಿ ಒಂದು ಮಾತೂ ಆಡದೆ, ಎದ್ದುಹೋದವಳ ನಡಿಗೆ, ಕೂದಲು ತೀಡುವ ರೀತಿ, ತಿಂಡಿ ಅಗಿಯುವ ರೀತಿ ಎಲ್ಲವನ್ನೂ ಕುಳಿತಲ್ಲೇ ಮಾಡಿ ತೋರಿಸುತ್ತಿದ್ದಳು.

ಎರಡನೇ ವರ್ಷ ಅವಳ ಅಪ್ಪನ ಬೆನ್ನು ಕೈಕೊಟ್ಟಿತು. ಅವರು ಬಸ್ ಡ್ರೈವರು, ಸೀಟಿನ ಮೇಲೆ ಕೂರಲಾಗದ ಡ್ರೈವರು ಮನೆಯಲ್ಲೇ ಉಳಿದರು. ಅಮ್ಮ ಮೊದಲಿಂದಲೂ ಹಾಸ್ಟೆಲೊಂದರ ಅಡುಗೆಮನೆಯಲ್ಲಿದ್ದಳು. ಸೋದರಮಾವ ಯಾರ ಯಾರ ಕಾಲೋ ಹಿಡಿದು ಊರಿನ ಇನ್ನೊಂದು ಕೊನೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಹೊರಟೆಗೆ ಕೆಲಸ ಕೊಡಿಸಿದ, ಕಾಲೇಜು ಮುಗಿದ ಮೇಲೆ ಸಂಜೆಯವರೆಗೆ. ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಯಬೇಕು, ಕೊರಳಿಗೆ ಬಟ್ಟೆ ಕಟ್ಟಬೇಕು, ಡಾಕ್ಟರಮ್ಮ ಹಲ್ಲು ಕೊರೆಯುವಾಗ ನೀರು ಹೀರುವ ಕೊಳವೆಯನ್ನು ಕೆನ್ನೆಯೊಳಗೆ ಹಿಡಿದಿರಬೇಕು, ಅಚ್ಚು ತೆಗೆಯುವ ಪುಡಿಯನ್ನು ರಬ್ಬರ್ ಬಟ್ಟಲಲ್ಲಿ ಗಂಟಿಲ್ಲದೆ ಕಲಸಬೇಕು. ಅವಳು ಬೇಗ ಕಲಿತಳು. ಲವಂಗದೆಣ್ಣೆಯ ವಾಸನೆ ಕೂದಲಿಗೆ ಹತ್ತಿಕೊಂಡಿತು. ಮರುದಿನ ತರಗತಿಯಲ್ಲಿ ದೊರೆಸಾನಿ ಮೂಗು ಮುಚ್ಚಿಕೊಂಡು, “ಯಾರಿಗೋ ಹಲ್ಲುನೋವು ಅನ್ಸುತ್ತೆ” ಎನ್ನುತ್ತಿದ್ದಳು.

ಈಗ ದಿನಾ ಮೊದಲು ಏಳುವವಳು ಅವಳೇ. ಎದ್ದ ಮೇಲೆ ಆ ಮೇಜಿನ ಸುತ್ತ ಏನು ನಡೆಯುತ್ತದೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ ನಿಲ್ದಾಣದವರೆಗೆ ಕಿವಿ ಬಿಸಿಯಾಗಿರುತ್ತಿತ್ತು. ಮರುದಿನ ಗುಂಪು ಯಾವುದೋ ಒಂದು ಪದ ಹೇಳಿ ಬಿದ್ದು ಬಿದ್ದು ನಕ್ಕರೆ ಅವಳು ಒಂದು ಕ್ಷಣ ತಡವಾಗಿ ನಗುತ್ತಿದ್ದಳು. “ಬಿಡೆ, ನೀನಿರಲಿಲ್ಲ” ಎನ್ನುತ್ತಿದ್ದಳು ರೇಡಿಯೊ. ಅವಳ ಹುಟ್ಟಿದ ದಿನವನ್ನೂ ಅವಳಿಲ್ಲದ ಮಧ್ಯಾಹ್ನವೇ ಮಾಡಿದರು. ಖಾಲಿ ಕುರ್ಚಿಯ ಮೇಲೆ ಒಂದು ಪೊರಕೆ ನಿಲ್ಲಿಸಿ, ಅದಕ್ಕೆ ದುಪಟ್ಟ ಹೊದಿಸಿ, ಕೇಕ್ ಕತ್ತರಿಸಿ ಫೋಟೊ ಕಳಿಸಿದರು. ಕ್ಲಿನಿಕ್ಕಿನಲ್ಲಿ ಒಬ್ಬರ ಬಾಯೊಳಗೆ ಕೊಳವೆ ಹಿಡಿದುಕೊಂಡೇ ಅವಳು ಆ ಫೋಟೊ ನೋಡಿದಳು. ‘ಥ್ಯಾಂಕ್ಯೂ ಕಣ್ರೆ’ ಎಂದು ಬರೆದು, ನಗುವ ಮುಖದ ಗುರುತನ್ನೂ ಹಾಕಿದಳು.

ಆ ದಿನಗಳಲ್ಲಿ ಅವಳಿಗೆ ಎಲ್ಲರಿಗಿಂತ ಹೊಟ್ಟೆಕಿಚ್ಚು ಇದ್ದದ್ದು ಗಿಲಕಿಯ ಮೇಲೆ. ಪುಣ್ಯವಂತೆ, ಮಾಡಲು ಒಂದು ಕೆಲಸವಿಲ್ಲ. ಬೇರೆಯವರು ಮನೆಗೆ ಹೋದ ಮೇಲೂ ಗಿಲಕಿ ಲೈಬ್ರರಿ ಮೆಟ್ಟಿಲ ಮೇಲೆ ಕುಳಿತಿರುತ್ತಾಳಂತೆ, ಕಾವಲಿನವನು ಬೀಗದ ಕೈ ಕುಲುಕಿದ ಮೇಲೇ ಏಳುತ್ತಾಳಂತೆ.

ಒಂದು ಮಧ್ಯಾಹ್ನ ಆ ಗಿಲಕಿಯೇ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದಳು. ಕರ್ಚೀಫು ಬಾಯಿಗೆ ಅಡ್ಡ ಇತ್ತು. ಪರಿಚಯದವರು ಯಾರೂ ಸಿಗಬಾರದೆಂದು ಎರಡು ಬಸ್ ಬದಲಿಸಿ ಇಷ್ಟು ದೂರ ಬಂದವಳು, ಒಳಗೆ ಕರೆಯಲು ನಿಂತಿದ್ದ ಹೊರಟೆಯನ್ನು ಕಂಡು ಗೋಡೆಗೆ ಒರಗಿದಳು. ಹೊರಟೆ ಕೆಲಸ ಮಾಡುವುದು ಯಾವುದೋ ಹಲ್ಲಿನ ಡಾಕ್ಟರ ಹತ್ತಿರ ಎಂದಷ್ಟೇ ಗುಂಪಿಗೆ ಗೊತ್ತಿತ್ತು. ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಕರ್ಚೀಫಿನಲ್ಲಿ ಇದ್ದದ್ದು ಕಟ್ಟಿಸಿದ ಹಲ್ಲು. ಗುಲಾಬಿ ಬಣ್ಣದ ತೆಳು ತಗಡಿಗೆ ಅಂಟಿದ ಮುಂದಿನ ಎರಡು ಹಲ್ಲು, ನಡುವೆ ಸೀಳಿತ್ತು. ಸೇಬು ಕಚ್ಚಿ ಒಡೆದುಕೊಂಡಿದ್ದಳು. ಅದಿಲ್ಲದೆ ಅವಳ ಮೇಲ್ದುಟಿ ಒಳಗೆ ಬಿದ್ದು, ಮುಖ ಯಾರೋ ಅಜ್ಜಿಯದೆಂಬಂತೆ ಕಾಣುತ್ತಿತ್ತು. ಡಾಕ್ಟರಮ್ಮ ಅಚ್ಚು ತೆಗೆದು, ಪ್ಲಾಸ್ಟರು ಗಟ್ಟಿಯಾಗುವವರೆಗೆ ಕಾಯಲು ಹೇಳಿ ಒಳಕೋಣೆಗೆ ಹೋದರು. ಕುರ್ಚಿಯಲ್ಲಿ ಅರ್ಧ ಮಲಗಿದ್ದ ಗಿಲಕಿ ಮೇಲಿನ ದೀಪವನ್ನೇ ನೋಡುತ್ತ ಮಾತಾಡಿದಳು. ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿತ್ತು.

“ಅಣ್ಣ. ಹತ್ತನೇ ಕ್ಲಾಸಲ್ಲಿದ್ದಾಗ. ಕುಕ್ಕರ್ ಮುಚ್ಚಳದಲ್ಲಿ. ಮೆಟ್ಟಿಲಿಂದ ಬಿದ್ದೆ ಅಂತ ಎಲ್ಲರಿಗೂ ಹೇಳಿರೋದು. ಅಮ್ಮನೂ ಹಾಗೇ ಹೇಳ್ತಾಳೆ. ಹೇಳಿ ಹೇಳಿ ಈಗ ಅದನ್ನೇ ನಂಬಿಬಿಟ್ಟಿದಾಳೆ.”

ಅಣ್ಣ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಕಾವಲುಗಾರರ ಮೇಲ್ವಿಚಾರಕ. ಹಗಲೆಲ್ಲ ಮನೆಯಲ್ಲೇ ಇರುತ್ತಾನೆ, ಸಂಜೆ ಹೊರಡುತ್ತಾನೆ. ಅವನು ಹೊರಟ ಮೇಲೆ ಮನೆ ಸೇರುವುದು ಗಿಲಕಿಯ ಲೆಕ್ಕ. ಲೈಬ್ರರಿಯ ಮೆಟ್ಟಿಲು ಅದಕ್ಕಾಗಿ.

“ಯಾರಿಗೂ ಹೇಳಬೇಡ ಕಣೆ” ಎಂದಳು ಗಿಲಕಿ.

ಹೊರಟೆ ಅವಳ ಅಂಗೈ ಹಿಡಿದುಕೊಂಡಳು. “ನನ್ನ ಬಾಯಿಂದ ಬರಲ್ಲ.”

ಅಲ್ಲಿಂದಾಚೆ ಗಿಲಕಿ ವಾರದಲ್ಲಿ ಎರಡು ಮೂರು ಮಧ್ಯಾಹ್ನ ಕ್ಲಿನಿಕ್ಕಿಗೇ ಬಂದು ಕೂರತೊಡಗಿದಳು. ಹೊರಗಿನ ಬೆಂಚಿನ ಮೇಲೆ ಕುಳಿತು ಹೊರಟೆಯ ಪಾಠದ ಟಿಪ್ಪಣಿಗಳನ್ನು ಬರೆದುಕೊಡುತ್ತಿದ್ದಳು, ಅಳುವ ಮಕ್ಕಳ ಜೊತೆ ಆಡುತ್ತಿದ್ದಳು. ಡಾಕ್ಟರಮ್ಮ ಏನೂ ಅನ್ನಲಿಲ್ಲ. “ನಿನಗೆ ಹೋಗೋಕೆ ಒಂದು ಜಾಗ ಇದೆ. ಹೋಗಿದ್ದಕ್ಕೆ ದುಡ್ಡು ಬೇರೆ ಕೊಡ್ತಾರೆ” ಎಂದು ಒಮ್ಮೆ ಗಿಲಕಿ ಹೇಳಿದಾಗ ಹೊರಟೆಗೆ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ನಿನಗೂ ಇಲ್ಲಿ ಕೆಲಸ ಕೇಳಿ ನೋಡಲೇ ಎಂದರೆ ಗಿಲಕಿ ಬೇಡವೆಂದಳು. ತಂಗಿಯನ್ನು ದುಡಿಯಲು ಬಿಟ್ಟರೆ ಅಣ್ಣನ ಮರ್ಯಾದೆ ಹೋಗುತ್ತದಂತೆ. ಆ ಮಧ್ಯಾಹ್ನಗಳಲ್ಲಿ ಹೊರಟೆಗೆ ಕ್ಯಾಂಟೀನಿನ ನೆನಪು ಬರುತ್ತಿರಲಿಲ್ಲ. ಬಂದರೂ ಮೊದಲಿನಷ್ಟು ಚುಚ್ಚುತ್ತಿರಲಿಲ್ಲ.

ಹೀಗಿರುವಾಗ ಡಾಕ್ಟರಮ್ಮ ಊರಲ್ಲಿಲ್ಲದ ಒಂದು ದಿನ ಕ್ಲಿನಿಕ್ಕಿಗೆ ರಜೆ ಸಿಕ್ಕಿತು. ಎಷ್ಟೋ ತಿಂಗಳ ಮೇಲೆ ಹೊರಟೆಗೆ ಒಂದಿಡೀ ಮಧ್ಯಾಹ್ನ. ಅವಳು ಹೊಸದಾಗಿ ತಲೆ ಬಾಚಿಕೊಂಡು ಕ್ಯಾಂಟೀನಿಗೆ ಹೋದಳು. ಮೂಲೆಯ ಮೇಜಿನಲ್ಲಿ ಮೂವರೂ ಇದ್ದರು. ನಾಲ್ಕನೇ ಕುರ್ಚಿಯ ಮೇಲೆ ದೊರೆಸಾನಿಯ ಚೀಲವಿತ್ತು, ಅದನ್ನು ಅವಳು ತೆಗೆಯಲಿಲ್ಲ. ಹೊರಟೆ ಬೇರೆ ಮೇಜಿನಿಂದ ಕುರ್ಚಿ ಎಳೆದುಕೊಂಡು ಒಂದು ಅಡಿ ಹಿಂದೆ ಕುಳಿತಳು. ಅವರು ಆಡುತ್ತಿದ್ದ ಯಾವ ಮಾತಿನ ತಲೆಬುಡವೂ ಗೊತ್ತಾಗದೆ ಒಬ್ಬೊಬ್ಬರ ಮುಖ ನೋಡುತ್ತ ತುಟಿ ಅರಳಿಸಿಕೊಂಡಿದ್ದಳು.

ಮನೆಯಿಂದ ಫೋನು ಬಂತೆಂದು ಗಿಲಕಿ ಎದ್ದು ಹೊರಗೆ ಹೋದಳು. ಆಟ ಶುರುವಾಯಿತು.

“ಇವಳು ಈಚೀಚೆಗೆ ಮಧ್ಯಾಹ್ನ ಎಲ್ಲಿ ಮಾಯ ಆಗ್ತಾಳೆ? ಯಾರೋ ಹುಡುಗ ಇರಬೇಕು” ಎಂದಳು ರೇಡಿಯೊ.

“ಹುಡುಗ ಅಲ್ಲ, ನನ್ನ ಹತ್ತಿರ ಬರ್ತಾಳೆ” ಎಂದು ಹೊರಟೆಯ ಬಾಯಿಂದ ಬಂದುಬಿಟ್ಟಿತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ದೊರೆಸಾನಿ ಆ ದಿನ ಮೊದಲ ಸಲ ಅವಳ ಕಡೆ ಪೂರ್ತಿ ತಿರುಗಿದಳು. “ನಿನ್ನ ಹತ್ತಿರ? ಅಲ್ಲೇನು ಕೆಲಸ ಅವಳಿಗೆ?”

ಕೊಟ್ಟ ಮಾತಿಗೆ ತಪ್ಪಬಾರದೆಂದು ಹೊರಟೆ ಬಾಯಿ ಬಿಗಿಹಿಡಿದಳು. ಆದರೆ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಹಾಗೆ ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತು. ಅವಳು ಬೆರಳಿನಿಂದ ತನ್ನ ಮುಂದಿನ ಹಲ್ಲುಗಳನ್ನು ತಟ್ಟಿದಳು. ಅವನ್ನು ಕಿತ್ತು ಮೇಜಿನ ಮೇಲಿನ ಲೋಟಕ್ಕೆ ಹಾಕಿದಂತೆ ಮಾಡಿದಳು. ಮೇಲ್ದುಟಿಯನ್ನು ಒಳಗೆ ಎಳೆದುಕೊಂಡು, ಎರಡೂ ಭುಜ ಕುಲುಕಿಸಿ, ಸದ್ದಿಲ್ಲದೆ ಗಿಲಕಿಯ ನಗು ನಕ್ಕಳು.

ರೇಡಿಯೊ ಮೇಜಿನ ಮೇಲೆ ಬೋರಲು ಬಿದ್ದಳು. ದೊರೆಸಾನಿಯ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಲ ಮಾಡು ಎಂದಳು, ಹೊರಟೆ ಮಾಡಿದಳು. ದೊರೆಸಾನಿ ನಾಲ್ಕನೇ ಕುರ್ಚಿಯ ಮೇಲಿನ ಚೀಲ ತೆಗೆದು ನೆಲಕ್ಕಿಟ್ಟಳು. ಗಿಲಕಿ ಹಿಂತಿರುಗಿದಾಗ ಹೊರಟೆ ಅಲ್ಲಿ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಗಿಲಕಿಯ ಜಾಗದಲ್ಲಿ ಡೆಸ್ಕಿನ ಮೇಲೆ ಒಂದು ಲೋಟ ನೀರಿತ್ತು. ಹಿಂದಿನ ಬೆಂಚಿನಿಂದ ಮೂಗಿನಲ್ಲಿ ನಗು ತಡೆದುಕೊಳ್ಳುವ ಸದ್ದು ಬಂತು. ಗಿಲಕಿ ಲೋಟ ನೋಡಿದಳು, ಆಮೇಲೆ ಇಡೀ ತರಗತಿಯಲ್ಲಿ ಒಬ್ಬಳನ್ನು ಮಾತ್ರ ನೋಡಿದಳು. ಹೊರಟೆ ಚೀಲದಲ್ಲಿ ಪೆನ್ನು ಹುಡುಕಿದಳು. ಮಧ್ಯಾಹ್ನ ಯಾರೋ ಒಂದು ಸೇಬು ತಂದಿಟ್ಟರು. ವಾರ ಕಳೆಯುವಷ್ಟರಲ್ಲಿ ಪಕ್ಕದ ತರಗತಿಯ ಹುಡುಗರೂ ಅವಳನ್ನು ಕಂಡಾಗ ತುಟಿ ಒಳಗೆಳೆದುಕೊಳ್ಳುವುದನ್ನು ಕಲಿತಿದ್ದರು. ಹೊರಟೆ ಮಾಡಿ ತೋರಿಸಿದ ಹಾಗೇ, ಭುಜ ಸಮೇತ. ಗಿಲಕಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದಳು, ನಗುವುದನ್ನು ನಿಲ್ಲಿಸಿದಳು. ನಗು ನಿಂತ ಮೇಲೆ ಗುಂಪಿಗೆ ಅವಳಿಂದ ಬೇರೇನೂ ಆಗಬೇಕಿರಲಿಲ್ಲ.

ಹೊರಟೆ ಸಂಕಟಪಟ್ಟಳು ಎಂಬುದು ಸುಳ್ಳಲ್ಲ. ಕೊನೆಗೆ, ತಾನು ಹಚ್ಚಿದ್ದನ್ನು ತಾನೇ ಆರಿಸುತ್ತೇನೆಂದು ಒಂದು ದಿನ ಮೇಜಿನ ಮುಂದೆ ನಿಂತು ಹೇಳಿದಳು. “ಸಾಕು ನಿಲ್ಲಿಸ್ರೆ. ಅದು ತಮಾಷೆ ಅಲ್ಲ. ಅವರಣ್ಣ ಕುಕ್ಕರ್ ಮುಚ್ಚಳದಲ್ಲಿ ಹೊಡೆದಿದ್ದು.” ಹೇಳುತ್ತ ಅತ್ತಳು. ದೊರೆಸಾನಿ ಎದೆ ಮುಟ್ಟಿಕೊಂಡು “ಪಾಪ” ಎಂದಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ಹೊರಟೆ ಆ ದಿನ ಹಗುರಾಗಿ ಬಸ್ ಹತ್ತಿದಳು.

ಹಲ್ಲಿನ ಸುದ್ದಿ ಕಾಲೇಜಿನೊಳಗೇ ಇತ್ತು, ಅಣ್ಣನ ಸುದ್ದಿ ಹೊರಗೆ ಹೋಯಿತು. ಅಯ್ಯೋ ಪಾಪ ಎನ್ನುವ ಸುದ್ದಿಯನ್ನು ಹೇಳಲು ಯಾರಿಗೂ ನಾಚಿಕೆಯಿರುವುದಿಲ್ಲ. ರೇಡಿಯೊ ತನ್ನ ಅಮ್ಮನಿಗೆ ಹೇಳಿದಳು, ಅಮ್ಮ ದರ್ಜಿಯ ಅಂಗಡಿಯಲ್ಲಿ ಹೇಳಿದಳು, ಅಲ್ಲಿ ರವಿಕೆ ಹೊಲಿಸಲು ಬಂದವಳೊಬ್ಬಳು ಗಿಲಕಿಯ ಬೀದಿಯವಳು. ಮುಂದಿನ ವಾರದಿಂದ ಗಿಲಕಿ ಕಾಲೇಜಿಗೆ ಬರಲಿಲ್ಲ.

ಬಂದವನು ಅಣ್ಣ, ಕ್ಲಿನಿಕ್ಕಿಗೆ. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ. ರೋಗಿಗಳ ವಿಷಯ ಹೊರಗೆ ಹೋಗುವುದು ಡಾಕ್ಟರ ಹೆಸರಿಗೆ ಒಳ್ಳೆಯದಲ್ಲ ಎಂದಷ್ಟೇ ಹೇಳಿ, ಕೈ ಮುಗಿದು ಹೋದ. ಡಾಕ್ಟರಮ್ಮ ಕೈಗವಸು ತೆಗೆದು ಹೊರಟೆಯನ್ನು ಕೂರಿಸಿಕೊಂಡರು.

“ಮೆಟ್ಟಿಲಿಂದ ಬಿದ್ದರೆ ಹಲ್ಲು ಹಾಗೆ ಹೋಗಲ್ಲ ಅಂತ ನನಗೂ ಗೊತ್ತಿತ್ತು. ಆ ಹುಡುಗಿ ತಾನಾಗೇ ಹೇಳಲಿ ಅಂತ ಕಾಯ್ತಿದ್ದೆ. ನಾಳೆಯಿಂದ ನೀನು ಬರಬೇಡಮ್ಮ.”

ಮನೆಯಲ್ಲಿ ಅಮ್ಮ ಬಾಯಿಗೆ ಬಂದ ಹಾಗೆ ಬೈದಳು. ಊರ ಉಸಾಬರಿ ನಿನಗ್ಯಾಕೆ ಬೇಕಿತ್ತು ಎಂದಳು. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಸೋದರಮಾವ ಒಂದು ತಿಂಗಳು ಮನೆಗೆ ಕಾಲಿಡಲಿಲ್ಲ.

ಕೆಲಸ ಹೋದ ಮೂರನೇ ದಿನ ಹೊರಟೆ ಗಿಲಕಿಯ ಮನೆ ಹುಡುಕಿಕೊಂಡು ಹೋದಳು. ಕ್ಷಮೆ ಕೇಳಲು ನಾಲ್ಕು ಮಾತು ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದವನು ಅಣ್ಣ. ಒಳಗೆ ಬಾ ಎನ್ನಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ತಾನೇ ಒಂದು ಲೋಟ ನೀರು ತಂದುಕೊಟ್ಟ.

“ತಂಗಿ ಅತ್ತೆ ಮನೆಗೆ ಹೋಗಿದಾಳೆ. ನೀನೇ ಅಲ್ವಾ ಹಲ್ಲಿನ ಡಾಕ್ಟರ ಹತ್ತಿರ ಇದ್ದೋಳು?” ಎಂದು ನಕ್ಕ. “ನಿನ್ನಿಂದ ಉಪಕಾರ ಆಯ್ತಮ್ಮ. ಮನೆ ಮಾತನ್ನ ಹೊರಗೆ ಆಡ್ತಾಳೆ ಅಂತ ನಮಗೆ ಗೊತ್ತೇ ಇರಲಿಲ್ಲ.”

ಹೊಸ್ತಿಲ ಪಕ್ಕ ಗಿಲಕಿಯ ಚಪ್ಪಲಿಗಳಿದ್ದವು. ನೀಲಿ ಪಟ್ಟಿಯವು, ಹಿಮ್ಮಡಿಯ ಹತ್ತಿರ ಸವೆದವು. ಅವಳಿಗೆ ಇದ್ದದ್ದು ಅದೊಂದೇ ಜೊತೆ. ಒಳಗಡೆ ಯಾವುದೋ ಕೋಣೆಯಲ್ಲಿ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು, ಇವರ ಮಾತು ಕೇಳಿದ್ದೇ ಆ ಸದ್ದು ನಿಂತಿತು. ಹೊರಟೆ ಚಪ್ಪಲಿ ನೋಡಿದಳು. ತಾನು ನೋಡಿದ್ದನ್ನು ಅವನು ನೋಡಿದ್ದೂ ಅವಳಿಗೆ ಗೊತ್ತಾಯಿತು. ಕೂಗಿದರೆ ಗಿಲಕಿಗೆ ಕೇಳುವಷ್ಟು ಹತ್ತಿರವಿದ್ದಳು. ಅವಳು ನೀರು ಕುಡಿದು, ಲೋಟ ವಾಪಸು ಕೊಟ್ಟು, “ಬರ್ತೀನಿ ಅಣ್ಣ” ಎಂದು ಮೆಟ್ಟಿಲಿಳಿದಳು.

ಈಗ ಅವಳಿಗೆ ಎಲ್ಲ ಮಧ್ಯಾಹ್ನಗಳೂ ಬಿಡುವು. ಕ್ಯಾಂಟೀನಿಗೆ ಹೋದರೆ ದೊರೆಸಾನಿ ಜಾಗ ಕೊಡುತ್ತಿದ್ದಳು, ಕೊಟ್ಟ ಮೇಲೆ ಮಾತು ಬದಲಿಸುತ್ತಿದ್ದಳು. ಹವೆ, ಪರೀಕ್ಷೆ, ಬಸ್ಸು. ರೇಡಿಯೊ ಕೂಡ ಅವಳ ಮುಂದೆ ತುಟಿ ಹೊಲಿದುಕೊಂಡಿರುತ್ತಿದ್ದಳು. “ನಿನ್ನ ಹತ್ತಿರ ಬಾಯಿ ಬಿಡೋಕೆ ಭಯ ಕಣೆ” ಎಂದು ದೊರೆಸಾನಿ ನಗುತ್ತಲೇ ಹೇಳಿದಳು. ಗಿಲಕಿಯ ಡೆಸ್ಕಿನ ಮೇಲೆ ಲೋಟ ಇಟ್ಟವಳು ತಾನೇ ಎಂಬುದು ದೊರೆಸಾನಿಗೆ ಮರೆತುಹೋಗಿತ್ತು. ಕೆಲವು ದಿನ ಬಿಟ್ಟು ಅವರು ಕೂರುವ ಮೇಜೇ ಬದಲಾಯಿತು. ಎಲ್ಲಿಗೆ ಎಂದು ಅವಳಿಗೆ ಹೇಳಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಗಿಲಕಿ ಬಂದಳು. ಅವಳಿಗೆ ಗಂಡು ಗೊತ್ತಾಗಿತ್ತು, ಗಂಡಿನ ಕಡೆಯವರು ಡಿಗ್ರಿ ಮುಗಿಸಿರಬೇಕೆಂದರಂತೆ. ಬಾಯಲ್ಲಿ ಕಟ್ಟಿಸಿದ ಹಲ್ಲಿರಲಿಲ್ಲ. ಇನ್ನು ಅದನ್ನು ಮದುವೆಯ ದಿನ ಹಾಕಿಕೊಂಡರೆ ಸಾಕು ಎಂದು ಅಣ್ಣ ತೆಗೆದಿಟ್ಟುಕೊಂಡಿದ್ದ. ಪ್ರತಿ ಪರೀಕ್ಷೆಗೂ ಸ್ಕೂಟರಿನಲ್ಲಿ ಅವನೇ ಕರೆತಂದು, ಮುಗಿಯುವವರೆಗೆ ಗೇಟಿನ ಬಳಿ ಕಾಯುತ್ತಿದ್ದ. ಗಿಲಕಿ ಯಾರ ಜೊತೆಗೂ ಮಾತಾಡದೆ ಬಂದು, ತಲೆ ಬಗ್ಗಿಸಿ ಬರೆದು ಹೋಗುತ್ತಿದ್ದಳು. ಎರಡು ಸಾಲು ಹಿಂದೆ ಹೊರಟೆ ಕೂರುತ್ತಿದ್ದಳು.

ಕೊನೆಯ ಪರೀಕ್ಷೆಯ ದಿನ ಗಿಲಕಿ ಅರ್ಧ ಗಂಟೆ ಮೊದಲೇ ಉತ್ತರಪತ್ರಿಕೆ ಕೊಟ್ಟು ಎದ್ದಳು. ಗೇಟಿನ ಕಡೆ ಹೋಗದೆ ಕಾರಿಡಾರಿನ ಇನ್ನೊಂದು ತುದಿಗೆ ತಿರುಗಿದಳು. ಹೊರಟೆಯೂ ಬರೆಯುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಹಿಂದೆಯೇ ಹೋದಳು. ಕ್ಯಾಂಟೀನಿನ ಅಡುಗೆಮನೆಯ ಹಿಂಬಾಗಿಲಲ್ಲಿ, ಗ್ಯಾಸ್ ಸಿಲಿಂಡರುಗಳ ನಡುವೆ ಗಿಲಕಿ ಮೊದಲೇ ಅಡಗಿಸಿಟ್ಟಿದ್ದ ಒಂದು ಬಟ್ಟೆಯ ಗಂಟು ಎತ್ತಿಕೊಳ್ಳುತ್ತಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಿದವಳ ಮುಖದಲ್ಲಿ ಕಂಡ ಹೆದರಿಕೆ, ಅಣ್ಣನನ್ನು ಕಂಡಾಗ ಬರಬೇಕಾದದ್ದು.

“ನೀನಾ” ಎಂದಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. “ಹೋಗಿ ಹೇಳ್ತೀಯಾ?”

ಹೊರಟೆ ಇಲ್ಲವೆಂದು ತಲೆಯಾಡಿಸಿದಳು. ಜೋಡಿಸಿಕೊಂಡಿದ್ದ ನಾಲ್ಕು ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ನಿನ್ನ ನಂಬಲ್ಲ ನಾನು” ಎಂದು ಗಿಲಕಿ ಗಂಟನ್ನು ಕಂಕುಳಿಗೆ ಸೇರಿಸಿ ಹಿಂದಿನ ಗೋಡೆಯ ಸಣ್ಣ ಬಾಗಿಲಿನಿಂದ ಹೊರಗೆ ಹೋದಳು. ತಿರುಗಿ ನೋಡಲಿಲ್ಲ.

ಗಂಟೆ ಬಾರಿಸುವವರೆಗೆ ಹೊರಟೆ ಸಿಲಿಂಡರುಗಳ ನಡುವೆಯೇ ಕಾದು, ಆಮೇಲೆ ಮುಂದಿನ ಗೇಟಿಗೆ ಬಂದಳು. ಎಲ್ಲರೂ ಹೊರಬರುತ್ತಿದ್ದರು. ಅಣ್ಣ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಅವಳು ತಾನಾಗಿಯೇ ಅವನ ಹತ್ತಿರ ಹೋದಳು.

“ಅವಳಿನ್ನೂ ಬರೀತಿದಾಳೆ ಅಣ್ಣ. ಕಾಲು ಗಂಟೆ ಜಾಸ್ತಿ ಕೊಟ್ಟಿದಾರೆ.”

ಅವನು ನಂಬಿದ. ಆಮೇಲೆ ಅವಳು ಬಾಯಿಗೆ ಬಂದದ್ದೆಲ್ಲ ಮಾತಾಡಿದಳು. ಪ್ರಶ್ನೆಪತ್ರಿಕೆ ಕಷ್ಟವಿತ್ತು, ಮೇಲ್ವಿಚಾರಕರು ಸಿಡುಕರು, ಮದುವೆ ಯಾವಾಗ, ಗಂಡು ಏನು ಮಾಡುತ್ತಾನೆ. ಅವನು ತಾಳ್ಮೆಯಿಂದ ಉತ್ತರ ಕೊಟ್ಟ. ಕಾವಲಿನವನು ತರಗತಿಗಳಿಗೆ ಬೀಗ ಹಾಕಿಕೊಂಡು ಬರುವುದು ಕಂಡಾಗ ಅವನ ಮಾತು ನಿಂತಿತು. ಕಟ್ಟಡ ನೋಡಿದ, ಅವಳನ್ನು ನೋಡಿದ. ಅವಳ ಬಲಗೈಯ ಮಣಿಕಟ್ಟನ್ನು ಹಿಡಿದು, ಮಾತು ಕೇಳುತ್ತಿರುವವನಂತೆ ಮುಖ ಬಗ್ಗಿಸಿ, ನಿಧಾನವಾಗಿ ತಿರುಚಿದ. “ಎಲ್ಲಿ?” ಎಂದ. ಗೊತ್ತಿಲ್ಲ ಎಂದಳು. ಇನ್ನೂ ತಿರುಚಿದ. ಮತ್ತೆ ಅದನ್ನೇ ಹೇಳಿದಳು. ಒಳಗೆ ಏನೋ ಮುರಿದದ್ದು ಅವಳಿಗೇ ಕೇಳಿಸಿತು.

ಹತ್ತು ಹೆಜ್ಜೆ ಆಚೆ ದೊರೆಸಾನಿ, ರೇಡಿಯೊ ಮತ್ತಿನ್ನೂ ಕೆಲವರು ಕಾಲೇಜಿನ ಕೊನೆಯ ದಿನದ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇವಳ ಕೂಗಿಗೆ ಎಲ್ಲರೂ ತಿರುಗಿದರು. ದೊರೆಸಾನಿ ಒಂದು ಕ್ಷಣ ನೋಡಿ, ಮೊಬೈಲ್ ಹಿಡಿದವನಿಗೆ ಸ್ವಲ್ಪ ಎಡಕ್ಕೆ ಬರಲು ಕೈ ಮಾಡಿದಳು. ಎಲ್ಲರೂ ಎಡಕ್ಕೆ ಸರಿದು, ಗೇಟು ಕಾಣದ ಹಾಗೆ ನಿಂತು, ಫೋಟೊ ಮುಗಿಸಿದರು. ಕೊನೆಗೆ ಕಾವಲಿನವನು ಓಡಿ ಬಂದ ಮೇಲೆ ಅಣ್ಣ ಕೈ ಬಿಟ್ಟ.

ಮೂಳೆ ಕೂಡಲು ಒಂದೂವರೆ ತಿಂಗಳು ಹಿಡಿಯಿತು. ನೆಟ್ಟಗೆ ಕೂಡಲಿಲ್ಲ. ಆಮೇಲೆ ಅವಳು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ಮೊದಲ ವರ್ಷ ಆ ಅಣ್ಣ ಆಗಾಗ ಎದುರಿನ ಫುಟ್‌ಪಾತಿನಲ್ಲಿ ಬಂದು ನಿಲ್ಲುತ್ತಿದ್ದ. ಅವನು ನಿಂತಿರುವಷ್ಟು ಹೊತ್ತೂ ಅವಳು ಚೌಕಟ್ಟಿನ ಸಣ್ಣ ತಿರುಪುಗಳನ್ನು ಬಿಗಿಮಾಡುತ್ತ ತಲೆ ಎತ್ತುತ್ತಿರಲಿಲ್ಲ. ಆಮೇಲೆ ಅವನು ಬರುವುದನ್ನು ಬಿಟ್ಟ. ರೇಡಿಯೊ ಒಮ್ಮೆ ಕನ್ನಡಕ ಕೊಳ್ಳಲು ಬಂದಿದ್ದಳು. ಚೌಕಟ್ಟು ಹಾಕಿ ನೋಡುತ್ತ, ಕನ್ನಡಿಯಲ್ಲೇ ಇವಳನ್ನು ನೋಡಿ, ಗಿಲಕಿ ಎಲ್ಲಿದ್ದಾಳೆ ಎಂದು ಮೆಲ್ಲಗೆ ಕೇಳಿದಳು.

“ಗೊತ್ತಿಲ್ಲ” ಎಂದಳು ಹೊರಟೆ. ಅದು ನಿಜವೇ ಆಗಿತ್ತು. ಒಂದು ಸುದ್ದಿ, ಒಂದು ಫೋನು, ಏನೂ ಬಂದಿರಲಿಲ್ಲ.

“ನನ್ನ ಹತ್ತಿರ ಯಾಕೆ ಮುಚ್ಚಿಡ್ತೀಯಾ” ಎಂದು ರೇಡಿಯೊ ಚೌಕಟ್ಟು ಕೆಳಗಿಟ್ಟು, ಬೇರೆ ಅಂಗಡಿ ನೋಡುತ್ತೇನೆಂದು ಹೊರಟುಹೋದಳು.